ವಾರಿಜಕ್ಕ ಓಡಿಸಬೇಕೆಂದಿದ್ದ ರೈಲು

ಈ ಶನಿವಾರ ಬೆಳಿಗ್ಗೆ ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ನಿಂತಿದ್ದಾಗ ಹಳದಿ ಸ್ಕೂಲ್ ಬಸ್ಸೊಂದು ಪಕ್ಕದಲ್ಲೇ ಬಂದು ನಿಂತು ಬಾಗಿಲು ತೆರೆಯಿತು. ಹಾಕಿ ಆಡಲು ಹೊರಟಿದ್ದ ಮಕ್ಕಳು ಧಡಧಡ ಇಳಿದರು. ಅವರ ಹಿಂದೆಯೇ ಒಳಗಿನ ವಾಸನೆಯೂ ಇಳಿಯಿತು. ಬಿಸಿಯಾದ ರೆಕ್ಸಿನ್ನು, ಒದ್ದೆ ಬೂಟು, ಯಾರೋ ಮರೆತ ಬಾಳೆಹಣ್ಣು. ನಿಮಗೆ ಅದು ಹಿತವೆನಿಸಲಾರದು. ನನಗೆ ಮಾತ್ರ ಅದು ರೈಲಿನ ವಾಸನೆ. ಬಸ್ಸಿಗೆ ರೈಲಿನ ವಾಸನೆ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಹೇಳುತ್ತೇನೆ. ನಾನು ಕಾರಿಲ್ಲದೆ ರಸ್ತೆಬದಿಯಲ್ಲಿ ಏಕೆ ನಿಂತಿದ್ದೆ ಎನ್ನುವುದನ್ನೂ ಹೇಳುತ್ತೇನೆ, ಆದರೆ ಕೊನೆಗೆ. ನನಗೀಗ ಯಾವ ಅವಸರವೂ ಇಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ವಾರಿಜಕ್ಕ ಮತ್ತು ಅವರ ಗಂಡ ಸುಧಾಕರಣ್ಣ. ನಮ್ಮ ಹಾಗೇ ದೇಶ ಬಿಟ್ಟು ಇಲ್ಲಿಗೆ ಬಂದ ಉಡುಪಿ ಕಡೆಯವರು. ತಮ್ಮೊಳಗೆ ತುಳು, ನಮ್ಮಂಥ ಮೈಸೂರಿನವರೊಡನೆ ಕನ್ನಡ. ವಾರಿಜಕ್ಕನಿಗೆ ಎದುರಿನದು ಚೆನ್ನಾಗಿ ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಆ ಕಾರಣಕ್ಕೆ ಅವರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗಲಿಲ್ಲ, ಮುಂದೆ ಸಿಗುವಂತೆಯೂ ಇರಲಿಲ್ಲ. ಕಾಲಿದ್ದೂ ಕಾಲಿಲ್ಲದಂತಾಗಬೇಕೆಂದರೆ ನಮ್ಮ ಈ ಊರುಗಳಲ್ಲಿ ಕಾರಿಲ್ಲದೆ ಇದ್ದು ನೋಡಬೇಕು. ಹಾಲು ತರುವುದಕ್ಕೆ, ಗೆಳತಿಯ ಮನೆಗೆ, ರಿಚ್ಮಂಡ್ ಹಿಲ್‌ನ ದೇವಸ್ಥಾನಕ್ಕೆ, ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಸುಧಾಕರಣ್ಣ ಒಳ್ಳೆಯವರೇ, ಆದರೆ ಅವರದು ಶಿಫ್ಟಿನ ಕೆಲಸ.

"ನನಗೆ ದೇವರ ಮೇಲೆ ಭಕ್ತಿ ಬರುವುದು ಕೂಡ ಬೇರೆಯವರಿಗೆ ಪುರುಸೊತ್ತಾದಾಗಲೇ ಮಾರಾಯ್ರೆ" ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ನಾನೂ ನಕ್ಕೆ. ಗ್ಯಾರೇಜಿನಲ್ಲಿ ಎರಡು ಕಾರಿದ್ದವನಿಗೆ ನಗುವುದಕ್ಕೇನು ಕಷ್ಟ?

ಹೀಗಿರುವಾಗ ಊರಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ನಮ್ಮ ಕಡೆಯಿಂದ ಉತ್ತರಕ್ಕೆ ಹೋಗುವ ಹಳೆಯ ಗೂಡ್ಸ್ ಹಳಿಯ ಮೇಲೆ ವಾರದ ಕೊನೆಯಲ್ಲಿ ಪ್ರಯಾಣಿಕರ ರೈಲು ಓಡಿಸಲು ಯಾರಾದರೂ ಮುಂದೆ ಬರುತ್ತೀರಾ ಎಂದು ಆ ಹಳಿಯ ಒಡೆತನದ ಕಂಪನಿಯವರು ಕೇಳಿದ್ದರು. ವಾರಿಜಕ್ಕ ಪತ್ರಿಕೆ ಹಿಡಿದು ನೇರ ನಮ್ಮ ಬೇಸ್‌ಮೆಂಟಿಗೆ ಇಳಿದು ಬಂದರು.

"ನಾವೇ ಓಡಿಸುವ."

"ಏನನ್ನ? ರೈಲನ್ನಾ?"

"ಮತ್ತೆಂತ, ವಿಮಾನವಾ?"

ನನ್ನಂಥ ಸಾಫ್ಟ್‌ವೇರಿನವನಿಗೆ ಒಂದು ದೌರ್ಬಲ್ಯವಿದೆ. ಎಂಥ ಹುಚ್ಚನ್ನಾದರೂ ಸ್ಪ್ರೆಡ್‌ಶೀಟಿಗೆ ಹಾಕಿದರೆ ಅದು ಅವನ ಕಣ್ಣಿಗೆ ಯೋಜನೆಯಾಗಿ ಕಾಣತೊಡಗುತ್ತದೆ. ವೇಳಾಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಡುವಿನ ಒಂದು ನಿಲ್ದಾಣದಲ್ಲಿ ಕಾಫಿ ಕುಡಿಯಲೆಂದು ಗಾಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿದೆ. ಅಲ್ಲಿ ನಿಲ್ದಾಣವೇ ಇರಲಿಲ್ಲ, ಕಾಫಿಯ ಮಾತು ಹಾಗಿರಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ನನ್ನ ಮಗಳು ಮೆಟ್ಟಿಲ ಮೇಲಿಂದ ಇಣುಕಿ, "ಅಪ್ಪಾ, ಯು ಆರ್ ನಾಟ್ ಅ ರೈಲ್ವೇ" ಅಂದು ಹೋದಳು.

ವಾರಿಜಕ್ಕ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ಎರಡು ಹಳೆಯ ಬೋಗಿ ಬಾಡಿಗೆಗೆ ಕೊಡುವವರನ್ನು ಹುಡುಕಿದರು, ನಿವೃತ್ತ ಇಂಜಿನ್ ಡ್ರೈವರನೊಬ್ಬನಿಗೆ ನೀರುದೋಸೆ ತಿನ್ನಿಸಿ ಒಪ್ಪಿಸಿದರು. ಹಳಿಯವರು ನಮ್ಮನ್ನು ಹಾಸ್ಯ ಮಾಡಲಿಲ್ಲ, ಅದು ಅವರ ದೊಡ್ಡತನ. ಒಂದೇ ಪ್ರಶ್ನೆ ಕೇಳಿದರು: ಈ ರೈಲಿಗೆ ಹತ್ತುವವರು ಯಾರು? ಅದಕ್ಕೆ ವಾರಿಜಕ್ಕ ಒಂದು ಉಪಾಯ ಹೂಡಿದರು. ಒಂದು ಶನಿವಾರ ಸ್ಕೂಲ್ ಬಸ್ಸನ್ನು ಬಾಡಿಗೆಗೆ ಹಿಡಿದು, ರೈಲು ನಿಲ್ಲಬೇಕಾದ ಕಡೆಗಳಲ್ಲೆಲ್ಲ ನಿಲ್ಲಿಸುತ್ತ ಹೋಗುವುದು. ಹತ್ತುವವರನ್ನು ಹಳಿಯವರ ಪ್ರತಿನಿಧಿಯೇ ಕೂತು ನೋಡಲಿ.

ಲೈಬ್ರರಿಯಲ್ಲಿ, ದಿನಸಿ ಅಂಗಡಿಯಲ್ಲಿ ಒಂದೊಂದು ಚೀಟಿ ಅಂಟಿಸಿದರು. ಆದರೆ ಅವರು ನಂಬಿದ್ದು ಫೋನನ್ನು. ಗೊತ್ತಿದ್ದ ಕನ್ನಡದವರ ಮನೆಗೆಲ್ಲ ಫೋನು ಮಾಡಿದರು. ಎಲ್ಲರೂ "ಖಂಡಿತ ಬರ್ತೀವಿ" ಅಂದರು. ನಮ್ಮವರ ಒಪ್ಪಿಗೆಯಲ್ಲಿ ಹಲವು ಬಗೆ ಇರುವುದು ನಿಮಗೂ ಗೊತ್ತು. "ನೋಡೋಣ" ಅಂದರೆ ಬರುವುದಿಲ್ಲ. "ಪ್ರಯತ್ನ ಮಾಡ್ತೀವಿ" ಅಂದರೆ ಖಂಡಿತ ಬರುವುದಿಲ್ಲ. ಆದರೆ "ಖಂಡಿತ" ಅಂದವರು ಬಂದೇ ಬರುತ್ತಾರೆ, ಮತ್ತು ಬಂದರು.

ಆ ಬೆಳಿಗ್ಗೆ ಬಸ್ಸು ಹೊರಟಾಗ ಒಳಗಿದ್ದವರು ವಾರಿಜಕ್ಕ, ನಾನು, ಕೈಯಲ್ಲಿ ಪೆನ್ನು ಹಿಡಿದ ಪ್ರತಿನಿಧಿ ಹೆಂಗಸು. ಮೊದಲ ನಿಲ್ದಾಣದಲ್ಲಿ ವಾಕರ್ ಹಿಡಿದ ಬಿಳಿಯ ಅಜ್ಜಿಯೊಬ್ಬರು ಹತ್ತಿದರು. ಮುಂದೆ ಪಗಡಿಯ ಪಂಜಾಬಿ ತಾತ, ಕಿವಿಗೆ ಹೆಡ್‌ಫೋನ್ ಹಾಕಿದ ಒಬ್ಬ ಹುಡುಗಿ, ಮತ್ತೆ ಒಂದಿಬ್ಬರು. ಕನ್ನಡದವರ ಸುಳಿವಿಲ್ಲ. ವಾರಿಜಕ್ಕ ಪ್ರತಿ ನಿಲ್ದಾಣದಲ್ಲೂ ಕತ್ತು ಹೊರಳಿಸಿ ರಸ್ತೆಯ ಎರಡೂ ಬದಿ ಹುಡುಕುತ್ತಿದ್ದರು. ನನಗೆ ಅವರ ಮುಖ ನೋಡಲಾಗದೆ ಹಿಂದಿನ ಕಿಟಕಿಯತ್ತ ತಿರುಗಿದೆ. ನಮ್ಮ ಹಿಂದೆ ಸಾಲಾಗಿ ಕಾರುಗಳು, ಮದುವೆ ದಿಬ್ಬಣದ ಹಾಗೆ.

ಕೊನೆಯ ನಿಲ್ದಾಣದಲ್ಲಿ ಆ ಕಾರುಗಳಿಂದ ನಮ್ಮವರೆಲ್ಲರೂ ಇಳಿದರು, ಚಿತ್ರಾನ್ನದ ಡಬ್ಬ, ಕೋಸಂಬರಿ, ಫ್ಲಾಸ್ಕಿನಲ್ಲಿ ಕಾಫಿ ಸಮೇತ. ಬೆಂಗಳೂರಿನ ಒಬ್ಬಾಕೆ ಪ್ರೀತಿಯಿಂದ ವಾರಿಜಕ್ಕನ ಕೈ ಹಿಡಿದು, "ಬಸ್ಸಲ್ಲಿ ಸೀಟು ಬೇರೆಯವ್ರಿಗೆ ಸಿಗ್ಲಿ ಅಂತ ನಾವು ಕಾರಲ್ಲೇ ಬಂದ್ಬಿಟ್ವಿ. ನಮಗೇನು, ಕಾರಿದ್ಯಲ್ಲ" ಅಂದರು.

ಸೌಜನ್ಯದಿಂದ ಒಂದು ರೈಲು ಹಳಿ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪ್ರತಿನಿಧಿ ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡರು. ಕೆಲವು ವಾರಗಳ ನಂತರ ಉತ್ತರ ಬಂತು: ಉತ್ಸಾಹ ಮೆಚ್ಚುವಂಥದ್ದು, ಪ್ರಯಾಣಿಕರು ಸಾಲದು. ಅವಕಾಶ ಯಾವುದೋ ದೊಡ್ಡ ಕಂಪನಿಗೆ ಹೋಯಿತು.

ಉತ್ತರ ಬಂದ ದಿನ ಸಂಜೆ ಅವರ ಮನೆಗೆ ಹೋದಾಗ ವಾರಿಜಕ್ಕ ಅತ್ತಿದ್ದರು ಎಂದು ಮುಖವೇ ಹೇಳುತ್ತಿತ್ತು. ನನಗೆ ಬಹಳ ನೋವಾಯಿತು. ಸಮಾಧಾನ ಹೇಳಲೆಂದು, "ಹೋಗ್ಲಿ ಬಿಡಿ ವಾರಿಜಕ್ಕ, ಎಲ್ಲಿಗೆ ಬೇಕಾದ್ರೂ ನಾನು ಬಿಟ್ಟುಬರ್ತೀನಿ" ಅಂದೆ.

"ನೀವು ಬಿಡ್ತೀರಿ, ಅದು ಗೊತ್ತುಂಟು. ನಿಮ್ಮನ್ನು ಕೇಳಬೇಕಲ್ಲ, ಅದೇ ಕಷ್ಟ." ಮತ್ತೆ ಹೇಳಿದರು: "ಬಸ್ಸಿಗೆ ಎಷ್ಟು ಜನ ಬಂದ್ರು ಅಂತ ಅವರು ನೋಡಿದ್ರು. ಯಾರು ಬಂದ್ರು ಅಂತ ನೋಡ್ಲಿಲ್ಲ. ಹತ್ತಿದವರಲ್ಲಿ ಒಬ್ಬರಿಗೂ ನಾನು ಫೋನು ಮಾಡಿರಲಿಲ್ಲ. ಆ ಅಜ್ಜಿ ಇಳಿಯುವಾಗ ಎಂತ ಕೇಳಿದ್ರು ಗೊತ್ತುಂಟಾ? ಮುಂದಿನ ಶನಿವಾರವೂ ಬಸ್ಸು ಉಂಟಾ ಅಂತ."

ಮುಂದಿನ ಶನಿವಾರ ಬಸ್ಸು ಇರಲಿಲ್ಲ. ಆದರೆ ವರ್ಷ ಕಳೆಯುವುದರೊಳಗೆ ಇತ್ತು. ವಾರಿಜಕ್ಕ ಊರಿನ ಹಿರಿಯರ ಕ್ಲಬ್ಬಿನವರನ್ನು ಕಾಡಿ ಬೇಡಿ ಶನಿವಾರಗಳಂದು ಅವರ ವ್ಯಾನನ್ನು ಹೊರಡಿಸಿದರು. ಸುಧಾಕರಣ್ಣ ನಿವೃತ್ತರಾದ ಮೇಲೆ ಅದರ ಡ್ರೈವರಾದರು. ಅಂದು ಬಸ್ಸು ಹತ್ತಿದ್ದವರೇ ಮೊದಲ ಪ್ರಯಾಣಿಕರು. ನಾನು ಕಾರಿನಲ್ಲಿ ಹೋಗುತ್ತ ಎಷ್ಟೋ ಸಲ ಆ ವ್ಯಾನಿಗೆ ಕೈ ಬೀಸಿದ್ದೇನೆ.

ಈಗ ನನ್ನ ವಿಷಯ. ಈ ಚಳಿಗಾಲದಲ್ಲಿ ನಾನು ಎರಡು ಸಲ ತಲೆ ಸುತ್ತಿ ಬಿದ್ದೆ. ಇನ್ನು ಕಾರು ಮುಟ್ಟಬೇಡಿ ಎಂದರು ಡಾಕ್ಟರು. ಹಿಮ ಕರಗುವವರೆಗೂ ಮನೆಯಲ್ಲೇ ಕೂತೆ. ಮಗಳು ನ್ಯೂಮಾರ್ಕೆಟ್‌ನಲ್ಲಿದ್ದಾಳೆ, ಕೇಳಿದರೆ ಬರುತ್ತಾಳೆ. ಕೇಳಲು ಫೋನು ಎತ್ತಿಕೊಂಡಾಗಲೆಲ್ಲ ವಾರಿಜಕ್ಕನ ಆ ಸಂಜೆಯ ಮಾತು ಅರ್ಥವಾಗುತ್ತ ಹೋಯಿತು. ಕಳೆದ ವಾರ ಅವರೇ ಫೋನು ಮಾಡಿ, "ಶನಿವಾರ ಕ್ವೀನ್ ಸ್ಟ್ರೀಟಿಗೆ ಬಂದು ನಿಂತುಕೊಳ್ಳಿ, ಆಯ್ತಾ?" ಅಂದಿದ್ದರು.

ಸ್ಕೂಲ್ ಬಸ್ಸು ಹೋದ ಮೇಲೆ ವ್ಯಾನು ಬಂತು. ವಾರಿಜಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಡ್ರೈವರ್ ಪಕ್ಕದ ಸೀಟಿನಿಂದ ಕಿಟಕಿ ಇಳಿಸಿ, "ಎಲ್ಲಿಗೆ ಮಾರಾಯ್ರೆ?" ಅಂದರು.

ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂದು ನನ್ನಮ್ಮ ಗದರುತ್ತಿದ್ದರು. ಆದರೆ ಕಾರು ಬಿಟ್ಟಂದಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮಗಳು ಪಾಪ, "ಈಸ್ ಇಟ್ ಅರ್ಜೆಂಟ್, ಅಪ್ಪಾ?" ಎಂದು ಕೇಳುತ್ತಿದ್ದಳು, ಅಷ್ಟೆ. ಹೇಳಿಕೊಳ್ಳುವಂಥ ಕೆಲಸವೇನೂ ನನಗಿರಲಿಲ್ಲ.

"ಸುಮ್ನೆ. ಕೊನೇ ಸ್ಟಾಪ್‌ವರೆಗೂ" ಅಂದೆ.

"ಹತ್ತಿ" ಅಂದರು ವಾರಿಜಕ್ಕ.