ಕುರುಗೋಡಿಗೆ ಮುಟ್ಟದ ದನಿ

ಕೋವಿಡ್ ಕಳೆದ ಮರುವರ್ಷ ನಾನು ಬಳ್ಳಾರಿಯ ಒಂದು ಎಫ್‌ಎಂ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕಿ. ಕರೆದ ದಿನ ಕೆಲಸ, ಕರೆಯದ ದಿನ ಮನೆ. ಅಡುಗೆ ಮುಗಿಸಿ ಹೋಗಿ ಮಧ್ಯಾಹ್ನದ ಮಹಿಳಾ ಕಾರ್ಯಕ್ರಮ ನಡೆಸುತ್ತಿದ್ದೆ.

ಆ ವರ್ಷ ಟ್ರಾನ್ಸ್‌ಮಿಟರ್‌ನ ಶಕ್ತಿ ಹೆಚ್ಚಿಸಿದರು. ಹತ್ತಿರದ ಮೋಕ ಗ್ರಾಮ ದಾಟದಿದ್ದ ನಮ್ಮ ದನಿ ದೂರದ ಸಿರುಗುಪ್ಪದವರೆಗೆ ಹೋಯಿತು. ಹೊಸ ಕೇಳುಗರಿಗೆಂದು, ರೊಟ್ಟಿ ಮಾಡಿ ಮಾರುವ ಕುರುಗೋಡಿನ ಶಿವಲೀಲಾಳನ್ನು ಮಾತನಾಡಿಸಿ ಧ್ವನಿಮುದ್ರಿಸಿಕೊಂಡೆ. “ಮನ್ಯಾಗ ನನ್ನ ಮಾತು ಯಾರೂ ಕಿವಿಗೆ ಹಾಕ್ಕಣಂಗಿಲ್ರಿ, ರೇಡಿಯೊದಾಗರ ಕೇಳ್ಲಿ” ಎಂದು ನಕ್ಕಿದ್ದಳು.

ಪ್ರಸಾರ ಮುಗಿದೊಡನೆ ಅವಳ ಫೋನು.

“ಅಕ್ಕಾರ, ಚಾಪಿ ಹಾಸಿ ಓಣಿಯವ್ರನ್ನೆಲ್ಲ ಕುಂದ್ರಿಸಿದ್ದೆ. ಸುರ್ರ್ ಅನ್ನೋದು ಬಿಟ್ರ ಏನೂ ಬರ್ಲಿಲ್ಲ. ನಮ್ಮತ್ತಿ, ‘ಯಾಕಬೇ, ನಿನ್ನ ಮಾತಿಗೆ ರೇಡಿಯೊ ಸೈತ ಬಾಯಿ ಮುಚ್ಕಂತೇನು?’ ಅಂದ್ಳು. ಸಿರುಗುಪ್ಪದಾಗ ನನ್ನ ತಂಗಿಗೆ ಚಲೋ ಕೇಳೈತಂತ!”

ದೂರದ ಊರಿಗೆ ಕೇಳಿ ಹತ್ತಿರದ ಊರಿಗೆ ಕೇಳದೆ ಇರಬಹುದೇ? ಇರಬಹುದು. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತವೆ. ಅಡ್ಡ ಕಲ್ಲುಗುಡ್ಡ ಬಂದರೆ ಅದರ ಹಿಂದಿನ ಓಣಿ ಮರೆಯಾಗುತ್ತದೆ. ಎಂಜಿನಿಯರುಗಳು ಇದನ್ನು ಶ್ಯಾಡೋ, ಅಂದರೆ ನೆರಳು, ಎನ್ನುತ್ತಾರೆ. ಶಿವಲೀಲಾಳ ಓಣಿ ಇರುವುದು ಅಂಥದೇ ಗುಡ್ಡದ ಹಿಂದೆ.

ಮರುದಿನ ಕಾರ್ಯಕ್ರಮಕ್ಕೆ ಮುಂಚೆ ಕೇಂದ್ರದ ಅಧಿಕಾರಿಗೆ ಹೇಳಿದೆ. ಅವರು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಿಂದ ಕಣ್ಣು ಎತ್ತಲಿಲ್ಲ.

“ನಾವೇ ಕಾರಿನ್ಯಾಗ ಹೋಗಿ ಕೇಳೀವ್ರಿ. ಆಕಿ ಸೆಟ್ಟು ಕೆಟ್ಟಿರ್ಬೇಕು. ‘ಕುರುಗೋಡಿನಲ್ಲೂ ಸ್ಪಷ್ಟ ಪ್ರಸಾರ’ ಅಂತ ಇವತ್ತ ಓದಿಬಿಡ್ರಿ.”

ಪರೀಕ್ಷೆಗೆ ಹೋದ ದಿನದ ಫೋಟೊ ತೋರಿಸಿದರು. ಕಾರು ಹೋಟೆಲಿನ ಮುಂದೆ ನಿಂತಿತ್ತು, ಎಲ್ಲರ ಕೈಯಲ್ಲೂ ಚಹಾದ ಲೋಟ. ಗುಡ್ಡ ಇನ್ನೂ ಮುಂದಿತ್ತು.

“ಗುಡ್ಡದ ಹಿಂದ ಯಾರದರ ಅಡುಗಿಮನ್ಯಾಗ ಕುಂತು ಕೇಳೀರೇನ್ ಸರ್?”

“ಮೇಡಂ, ನಿಮ್ದು ಓದೋ ಕೆಲಸ.”

ಹಾಳೆ ಹಿಡಿದು ಒಳಗೆ ಹೋಗಿ ಮೈಕಿನ ಮುಂದೆ ಕೂತೆ. ಸ್ಟುಡಿಯೊದ ಕೆಂಪು ದೀಪ ಹತ್ತಿತು, ನೇರ ಪ್ರಸಾರ. ಅವರು ಕೊಟ್ಟ ಹಾಳೆಯನ್ನು ಮಗುಚಿಟ್ಟೆ.

“ಕುರುಗೋಡಿನಲ್ಲಿ ಗುಡ್ಡದ ಹಿಂದಿನವರಿಗೆ ನಾವು ಕೇಳಿಸುತ್ತಿಲ್ಲ. ಶಿವಲೀಲಾ ಅವರ ಮಾತನ್ನು ಈಗ ಮತ್ತೆ ಹಾಕುತ್ತೇನೆ. ಅಲ್ಲಿ ನಿಮ್ಮವರಿದ್ದರೆ ಫೋನು ಹಚ್ಚಿ ರೇಡಿಯೊ ಮುಂದೆ ಹಿಡಿಯಿರಿ.”

ಹೊರಗೆ ಬಂದಾಗ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು. “ಕೇಂದ್ರದ ಮರ್ಯಾದಿ ತೆಗೆದ್ರಿ!”

ಓಣಿಯ ಎದುರು ಹೋದ ಶಿವಲೀಲಾಳ ಮರ್ಯಾದೆ ಇವರ ಲೆಕ್ಕದಲ್ಲೇ ಇರಲಿಲ್ಲ.

ಸಂಜೆ ಶಿವಲೀಲಾ ಫೋನು ಮಾಡಿದಳು. “ತಂಗಿ ಫೋನ್ ಹಿಡಿದ್ಲು ಅಕ್ಕಾರ. ನಮ್ಮತ್ತಿ ಪೂರಾ ಕೇಳಿದ್ಲು. ಆಮ್ಯಾಲ, ‘ಇನ್ನೊಂದ್ಸಲ ಹಚ್ಚಬೇ’ ಅಂದ್ಳು!”

ಕೇಂದ್ರದಿಂದ ನನಗೆ ಮತ್ತೆ ಕರೆ ಬರಲಿಲ್ಲ. ನಾನೂ ಬೇಡಿಕೊಂಡು ಹೋಗಲಿಲ್ಲ. ಕಣ್ಣಿಗೆ ಕಾಣದ ಜನ ನಮ್ಮನ್ನು ನಂಬಿ ಕೂತಿರುತ್ತಾರೆ, ಅವರ ಹೆಸರಿನಲ್ಲಿ ಸುಳ್ಳು ಓದಬಾರದು: ಆ ಕೆಲಸ ಕಲಿಸಿದ್ದು ಇದು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.