ಅಗ್ಗದ ಪ್ರೊಸೆಸರ್ ಮತ್ತು ಭಾವನ ನಿದ್ದೆ

ಆಯುಧಪೂಜೆಯ ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ, ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಅಕ್ಕನ ಮನೆಯ ನಡುಮನೆಯಲ್ಲಿ, ಚೆಂಡುಹೂವು ಹುರಿದ ವಾಸನೆ ಬಂತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಶಿವಮೊಗ್ಗದ ಬಸ್ಸು ಹಿಡಿಯಬೇಕೆಂದು ಎದ್ದು ನಿಂತು ಆಗಷ್ಟೇ ಗಡಿಯಾರ ನೋಡಿದ್ದೆ. ಚೆಂಡುಹೂವನ್ನು ಯಾರೂ ಹುರಿಯುವುದಿಲ್ಲವಾದ್ದರಿಂದ ವಾಸನೆಯನ್ನು ಗುರುತಿಸಲು ನನ್ನ ಮೂಗಿಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗ ಹಾಗಿಲ್ಲ. ಯಾರ ಮನೆಯ ಪೂಜೆಗೆ ಕರೆದರೂ, ದೇವರಿಗೆ ಕೈ ಮುಗಿಯುವ ಮೊದಲು ನಾನು ಹೂವಿಗೂ ಫ್ಯಾನಿಗೂ ನಡುವೆ ಎಷ್ಟು ಅಂತರವಿದೆ ಎಂದು ನೋಡಿಕೊಳ್ಳುತ್ತೇನೆ.

ಎಲ್ಲಕ್ಕೂ ಮೂಲ ಒಂದು ಪ್ರೊಸೆಸರ್. ಅದನ್ನು ಆರಿಸಿದವನು ನಾನು.

ನನ್ನ ಭಾವ ರುದ್ರಪ್ಪನವರು ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದವರು. ಛಾವಣಿಗೆ ತಾಗಿದಂತಿರುವ ಹಳಿಗಳ ಮೇಲೆ ಓಡಾಡುವ ಕ್ರೇನು. ಅದರ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣದ ದೊಡ್ಡ ಬಾನಿಯನ್ನು ಇಲ್ಲಿಂದೆತ್ತಿ ಅಲ್ಲಿಗಿಡುವುದು ಅವರ ಕೆಲಸ. ಜೀವಮಾನವೆಲ್ಲ ಅದನ್ನೇ ಮಾಡಿ, ಸ್ವಯಂನಿವೃತ್ತಿ ತೆಗೆದುಕೊಂಡು ಏಣಿ ಇಳಿದು ಬಂದರು. ನಿದ್ದೆ ಮಾತ್ರ ಮೇಲೆಯೇ ಉಳಿದುಹೋಯಿತು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಹಗಲು ತೂಕಡಿಕೆ, ರಾತ್ರಿ ಜಾಗರಣೆ. ಸ್ವಲ್ಪ ಕಣ್ಣು ಹತ್ತಿದರೆ ಕೈಗಳು ಗಾಳಿಯಲ್ಲಿ ಏನನ್ನೋ ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿದ್ದವು.

"ನಿದ್ದೆಗಣ್ಣಲ್ಲಿ ಲಿವರ್ ಎಳೀತಾರೆ ಮಾರಾಯ," ಎಂದು ಗಿರಿಜಕ್ಕ ಫೋನಿನಲ್ಲಿ ಗೋಳಾಡಿದಳು. "ನಿನ್ನೆ ರಾತ್ರಿ ನನ್ನ ಜಡೆ ಹಿಡಿದು ಎಳೆದ್ರು. ನನ್ನನ್ನ ಎತ್ತಿ ಎಲ್ಲಿಗೆ ಇಡ್ತಿದ್ರೋ ಏನೋ!"

ಜಡೆಯ ವಿಷಯಕ್ಕೆ ನಕ್ಕೆವಾದರೂ ಭಾವ ದಿನೇದಿನೇ ಸೊರಗುತ್ತಿದ್ದರು. ಮಾತು ಕಡಿಮೆಯಾಗಿತ್ತು, ಊಟ ಸೇರುತ್ತಿರಲಿಲ್ಲ. ಹೀಗಿರುವಾಗ ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದನ್ನು ಆಡಿ ಬಂದ ಅವರು, ಅವತ್ತು ರಾತ್ರಿ ಮೂರು ಗಂಟೆ ಸತತ ನಿದ್ದೆ ಮಾಡಿದರು. ಮರುದಿನವೇ ಅಕ್ಕನಿಂದ ನನಗೆ ಕರೆ ಬಂತು. ಆಟದ ಕಂಪ್ಯೂಟರ್ ಬೇಕು, ಬೇಗ ಬೇಕು, ಅಗ್ಗದಲ್ಲಿ ಬೇಕು. "ನೀನು ಫಿಸಿಕ್ಸ್ ಮೇಷ್ಟ್ರು. ನಿಂಗೆ ಗೊತ್ತಿರುತ್ತೆ."

ನಮ್ಮ ಕಡೆ ಫಿಸಿಕ್ಸ್ ಮೇಷ್ಟರಿಗೆ ಗೊತ್ತಿರುತ್ತದೆ ಎಂದು ಜನ ನಂಬಿರುವ ಸಂಗತಿಗಳು ಬಹಳ. ಮಿಕ್ಸಿ ಯಾಕೆ ಕಿರುಚುತ್ತದೆ, ಟೀವಿಯಲ್ಲಿ ಇರುವೆ ಯಾಕೆ ಓಡಾಡುತ್ತವೆ, ಭೂಕಂಪ ಶಿವಮೊಗ್ಗಕ್ಕೂ ಬರುತ್ತದೆಯೇ, ಹೀಗೆ. ಗೊತ್ತಿಲ್ಲ ಎಂದರೆ ಪಾಠ ಮಾಡುವ ಕಾಲೇಜಿನ ಮಾನ ಹೋಗುತ್ತದೆ. ಆದ್ದರಿಂದ ಸವಳಂಗ ರಸ್ತೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ, ಎಲ್ಲವನ್ನೂ ಬಲ್ಲವನ ನಡಿಗೆಯಲ್ಲಿ ಹೋದೆ.

ಪ್ರೊಸೆಸರ್ ಆರಿಸುವುದು ಎಷ್ಟು ಕಷ್ಟವೆಂದು ಎತ್ತು ಕೊಂಡವರಿಗೆ ಅರ್ಥವಾಗಲಾರದು. ಎತ್ತಿಗೆ ಹಲ್ಲು ನೋಡಬಹುದು, ಸುಳಿ ನೋಡಬಹುದು, ಬಾಲ ತಿರುಚಿ ನಾಲ್ಕು ಹೆಜ್ಜೆ ನಡೆಸಬಹುದು. ನಮ್ಮ ತಾತ ಎತ್ತಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಅದರ ಗುಣ ಹೇಳುತ್ತಿದ್ದರಂತೆ. ಪ್ರೊಸೆಸರ್ ಎಂದರೆ ಬೆಂಕಿಪೊಟ್ಟಣದಗಲದ ಒಂದು ಬಿಲ್ಲೆ. ಅಂಗಡಿಯ ಅಲ್ತಾಫ್ ಅಂಥ ಎರಡನ್ನು ಗಾಜಿನ ಮೇಜಿನ ಮೇಲಿಟ್ಟ. ನಾನು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದೆ. ಎರಡೂ ನನ್ನನ್ನು ನೋಡಲಿಲ್ಲ.

"ಇದು ದೊಡ್ಡ ಕಂಪನಿದು ಸಾರ್, ಹೆಸರಿಗೇ ಕಾಸು," ಎಂದ ಅಲ್ತಾಫ್. "ಇದು ಇನ್ನೊಂದು ಕಂಪನಿದು. ಅರ್ಧ ರೇಟು, ಸ್ಪೀಡು ಜಾಸ್ತಿ. ಆಟಕ್ಕೆ ಏಕ್‌ದಂ ಜಬರ್ದಸ್ತ್. ಸ್ವಲ್ಪ ಗರಂ ಆಗುತ್ತೆ, ಅಷ್ಟೇ."

"ಎಷ್ಟು ಗರಂ?"

"ನಮ್ಮ ಅಬ್ಬಾನಷ್ಟಿಲ್ಲ ಬಿಡಿ ಸಾರ್."

ಗಮನಿಸಬೇಕು, ನಾನು ಕಾಲೇಜಿನಲ್ಲಿ ಕಲಿಸುವುದು ಉಷ್ಣಶಾಸ್ತ್ರ. ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವರ್ಷವಿಡೀ ಬೋರ್ಡಿನ ಮೇಲೆ ಬರೆಯುವವನು. ಆದರೆ ಅಂಗಡಿಯಲ್ಲಿ ಅರ್ಧ ರೇಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾವ ಶಾಸ್ತ್ರವೂ ಕೆಲಸ ಮಾಡುವುದಿಲ್ಲ. ಅಗ್ಗದ್ದನ್ನೇ ಕೊಂಡೆ. ಉಳಿದ ಹಣಕ್ಕೆ ಒಂದು ಯುಪಿಎಸ್ ಕೊಂಡು ದೂರದೃಷ್ಟಿ ಮೆರೆದೆ. ಕರೆಂಟು ಹೋದರೂ ಭಾವನ ವಿಮಾನ ನೆಲಕ್ಕೆ ಬೀಳಬಾರದಲ್ಲ!

ಹಬ್ಬದ ಹಿಂದಿನ ದಿನ ಅದನ್ನು ಭದ್ರಾವತಿಗೆ ಒಯ್ದು ಜೋಡಿಸಿದ ಮೇಲೆ, ಬಿಸಿ ಹೊರಗೆ ಹೋಗಲಿ ಎಂದು ಡಬ್ಬದ ಒಂದು ಪಕ್ಕದ ತಗಡನ್ನು ಬಿಚ್ಚಿಯೇ ಇಟ್ಟೆ. ಶಾಖದ ವಿಷಯದಲ್ಲಿ ನನ್ನ ಪಾಂಡಿತ್ಯವನ್ನು ಬಳಸಿದ್ದು ಅದೊಂದೇ ಸಲ. ತೆರೆದ ಪಕ್ಕದಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅಕ್ಕ ಕುತೂಹಲದಿಂದ ಬಗ್ಗಿ ನೋಡಿದಾಗ, ನಾಲ್ಕು ಜನ ಸಿಕ್ಕಿದರೆ ಸಾಕು ಪಾಠ ಶುರುಮಾಡುವ ನಾನು ಒಬ್ಬಳಿಗೇ ಶುರುಮಾಡಿದೆ. "ನೋಡಕ್ಕ, ಈ ಪುಟ್ಟ ಫ್ಯಾನಿನ ಕೆಳಗಿರೋದೇ ಪ್ರೊಸೆಸರ್. ಗರ್ಭಗುಡಿ ಇದ್ದ ಹಾಗೆ. ಉಳಿದಿದ್ದೆಲ್ಲ ಪರಿವಾರ ದೇವತೆಗಳು." ಅಕ್ಕ ತಲೆಯಾಡಿಸಿದಳು. ನನ್ನ ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಪಾಠವನ್ನು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಇನ್ನೊಬ್ಬ ವಿದ್ಯಾರ್ಥಿ ಸಿಕ್ಕಿಲ್ಲ.

ಭದ್ರಾವತಿಯಲ್ಲಿ ಆಯುಧಪೂಜೆ ಎಂದರೆ ಸಾಮಾನ್ಯವಲ್ಲ. ಯಂತ್ರಗಳಿಂದ ಅನ್ನ ಕಂಡ ಊರು. ಸ್ಕ್ರೂಡ್ರೈವರಿನಿಂದ ಲಾರಿಯವರೆಗೆ ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಹೂವು. ನಾನು ಮಧ್ಯಾಹ್ನದ ಊಟಕ್ಕೆ ಹೋಗುವಷ್ಟರಲ್ಲಿ ಕಂಪ್ಯೂಟರು ಹಣೆತುಂಬ ವಿಭೂತಿ ಬಳಿದುಕೊಂಡು, ಮೌಸಿನ ಬೆನ್ನಿಗೂ ಕುಂಕುಮ ಇಟ್ಟುಕೊಂಡು ಕೂತಿತ್ತು. ಡಬ್ಬದ ಮೇಲೊಂದು ಚೆಂಡುಹೂವಿನ ಹಾರ. ಮೇಲುನೋಟಕ್ಕೆ ಕಂಡದ್ದು ಅಷ್ಟೇ.

ಸಂಜೆ ಭಾವ ಮೆಲ್ಲಗೆ ಕುರ್ಚಿ ಎಳೆದುಕೊಂಡರು.

"ಪೂಜೆಗಿಟ್ಟ ಆಯುಧ ಇವತ್ತೊಂದಿನ ಮುಟ್ಟಬೇಡಿ ಅಂದ್ರೆ ಕೇಳಲ್ಲ," ಎಂದಳು ಅಕ್ಕ.

"ಇದು ಆಯುಧ ಅಲ್ಲ ಕಣೇ, ಆಟದ ಸಾಮಾನು," ಎಂದು ಭಾವ ವಿಮಾನ ಏರಿಸಿದರು.

ಆರು ಇಪ್ಪತ್ತಕ್ಕೆ ವಾಸನೆ ಬಂತು. ಹಿಂದೆಯೇ ಡಬ್ಬದ ಪಕ್ಕದಿಂದ ಬೂದುಬಣ್ಣದ ಹೊಗೆ. ಬಗ್ಗಿ ನೋಡಿದೆ. ಪರಿವಾರ ದೇವತೆಗಳಿಗೆ ಮಾತ್ರ ಹೂವಿಟ್ಟು ಗರ್ಭಗುಡಿಯನ್ನು ಬಿಡುವುದುಂಟೇ ಎಂದು, ಅಕ್ಕ ಪ್ರೊಸೆಸರಿನ ಫ್ಯಾನಿನ ಮೇಲೆಯೇ ಒಂದು ಚೆಂಡುಹೂವನ್ನು ಬಾಳೆನಾರಿನಲ್ಲಿ ಭದ್ರವಾಗಿ ಕಟ್ಟಿದ್ದಳು. ನಾರು ರೆಕ್ಕೆಗಳಿಗೆ ಸುತ್ತಿಕೊಂಡು ಫ್ಯಾನು ನಿಂತಿತ್ತು. ಕೆಳಗೆ ಅರ್ಧ ರೇಟಿನ ಬಿಲ್ಲೆ ಒಲೆಯಾಗಿತ್ತು. ಮೇಜಿಗೆ ತಾಗಿಕೊಂಡು ಕಿಟಕಿಯ ನೈಲಾನ್ ಪರದೆ, ಗೋಡೆಯಾಚೆ ಗ್ಯಾಸ್ ಸಿಲಿಂಡರ್.

"ಭಾವ, ಏಳಿ! ಹೊಗೆ!"

"ಕಾಣ್ತಿದೆ. ಇಳಿಸಿಬಿಟ್ಟು ಬರ್ತೀನಿ."

"ಏನನ್ನ?"

"ವಿಮಾನ ಮೇಲಿದೆಯಲ್ಲ ಮೇಷ್ಟ್ರೇ!"

ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಬದುಕಿದೆವು, ಎಂದು ಜೀವನದಲ್ಲಿ ಮೊದಲ ಬಾರಿಗೆ ಕರೆಂಟು ತೆಗೆದವರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ನಮಸ್ಕಾರ ಮುಗಿಯುವುದರೊಳಗೆ ನನ್ನ ದೂರದೃಷ್ಟಿ ಕುಂಯ್ ಕುಂಯ್ ಎಂದು ಕೂಗತೊಡಗಿತು. ಇಡೀ ಬೀದಿ ಕತ್ತಲಾಗಿದ್ದರೂ, ಯುಪಿಎಸ್ಸಿನ ಕೃಪೆಯಿಂದ ಆ ಯಂತ್ರವೊಂದು ಮಾತ್ರ ಬೆಳಗುತ್ತ, ಹೊಗೆಯಾಡುತ್ತ, ನಿಷ್ಠೆಯಿಂದ ಕೆಲಸ ಮಾಡುತ್ತಿತ್ತು. ಹೊಗೆಯ ನಡುವೆ ಭಾವನ ಮುಖ ತೆರೆಯ ನೀಲಿ ಬೆಳಕಿನಲ್ಲಿ ಕಾಣುತ್ತಿತ್ತು. ಆ ಮುಖದಲ್ಲಿ ಗಾಬರಿ ಇರಲಿಲ್ಲ. ಎಷ್ಟೋ ತಿಂಗಳಿಂದ ನಾನು ಕಾಣದಿದ್ದ ನೆಮ್ಮದಿ ಇತ್ತು.

ನಾನು ಬಚ್ಚಲಿಗೆ ಓಡಿ ಒಂದು ಬಕೆಟ್ ನೀರು ತಂದೆ. ಕರೆಂಟಿನ ಯಂತ್ರಕ್ಕೆ ನೀರು ಎರಚಬಾರದೆಂದು ಪ್ರತಿವರ್ಷ ಮಕ್ಕಳಿಗೆ ಹೇಳುವವನೂ ನಾನೇ. ಎರಚುವಷ್ಟರಲ್ಲಿ ಅಕ್ಕ ಬಕೆಟ್ಟಿನ ಹಿಡಿ ಹಿಡಿದಳು. "ಕೊಲ್ತೀಯೇನೋ ಅವರನ್ನ? ನಾನು ವಿಧವೆ ಆಗಬೇಕಾ ಹಬ್ಬದ ದಿನ!" ಅವಳು ಒಂದು ಕಡೆ, ನಾನು ಒಂದು ಕಡೆ ಜಗ್ಗಿ, ನೀರೆಲ್ಲ ನಮ್ಮಿಬ್ಬರ ಮೇಲೆ ಚೆಲ್ಲಿತು. ಅಷ್ಟರಲ್ಲಿ ವಿಮಾನದ ಗಾಲಿ ನೆಲ ಮುಟ್ಟಿದ ಸದ್ದು ಸ್ಪೀಕರಿನಲ್ಲಿ ಕೇಳಿತು. ಭಾವ ವಿಮಾನವನ್ನು ನಿಧಾನವಾಗಿ ನಿಲ್ಲಿಸಿ, ಕೈಚಾಚಿ ಯುಪಿಎಸ್ಸಿನ ಗುಂಡಿ ಒತ್ತಿ, ಎದ್ದರು. ಕಿಟಕಿ ತೆರೆದು, "ಏನು, ಇಬ್ಬರೂ ಹೋಳಿ ಆಡ್ತಿದ್ರಾ?" ಎಂದು ಕೇಳಿದರು.

ಅವತ್ತು ನಾನು ಅಲ್ಲೇ ಉಳಿದೆ. ಭಾವ ಎಲೆ ತುಂಬ ಉಂಡು, ಮಲಗಿದ ಕೂಡಲೇ ಗೊರಕೆ ಹೊಡೆದರು. ಲಿವರ್ ಇಲ್ಲ, ಜಡೆ ಇಲ್ಲ. ಪಕ್ಕದ ಕೋಣೆಯಲ್ಲಿ ನಾನು ಸೂರು ನೋಡುತ್ತ ಬಿದ್ದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಹೊಗೆ, ಪರದೆ, ಬಕೆಟ್ಟು. ಕಾಯಿಲೆ ವಾಸಿಯಾಗಿರಲಿಲ್ಲ, ಆಳು ಬದಲಾಯಿಸಿತ್ತು. ಶಿವಮೊಗ್ಗಕ್ಕೆ ಬಂದ ಮೇಲೂ ಹಾಗೆಯೇ. ಅಕ್ಕ ನೀರು ತಡೆಯದಿದ್ದರೆ, ಪರದೆ ಹತ್ತಿಕೊಂಡಿದ್ದರೆ, ಎಂದು ಮನಸ್ಸು ಆ ಸಂಜೆಯನ್ನೇ ಮತ್ತೆಮತ್ತೆ ಸುತ್ತುತ್ತಿತ್ತು. ಹೊಗೆಗಿಂತ ಹೆಚ್ಚು ನನ್ನನ್ನು ಹೆದರಿಸುತ್ತಿದ್ದುದು ಬಕೆಟ್ ಹಿಡಿದ ನಾನೇ. ಭಯ ನನ್ನನ್ನು ಅಷ್ಟು ಸಲೀಸಾಗಿ ದಡ್ಡನನ್ನಾಗಿ ಮಾಡಿತ್ತಲ್ಲ!

ಅತ್ತ ಯಂತ್ರ ಸತ್ತದ್ದರಿಂದ ಭಾವನ ನಿದ್ದೆಯೂ ಎರಡು ದಿನಕ್ಕೇ ಮುಗಿಯಿತು. "ಮತ್ತೆ ಲಿವರ್ ಶುರುವಾಯ್ತು," ಎಂದು ಅಕ್ಕ ಫೋನು ಮಾಡಿ, ಈ ಸಲ ತಾನೇ ಶಿವಮೊಗ್ಗಕ್ಕೆ ಬಂದಳು. ಅಂಗಡಿಯಲ್ಲಿ ಅಲ್ತಾಫ್ ವೇಗದ ಲೆಕ್ಕ ಶುರುಮಾಡುತ್ತಿದ್ದಂತೆ ಅವನನ್ನು ತಡೆದಳು.

"ಅದೆಲ್ಲ ಬೇಡ ಕಣಪ್ಪ. ಕುಕ್ಕರಿಗೆ ಇರುತ್ತಲ್ಲ, ಸೇಫ್ಟಿ ವಾಲ್ವು? ಹಂಗೆ ಜಾಸ್ತಿ ಬಿಸಿಯಾದ್ರೆ ತಾನೇ ನಿಲ್ಲೋದು ಯಾವುದಿದೆ?"

ಅಲ್ತಾಫ್ ತಲೆ ಕೆರೆದುಕೊಂಡು ದೊಡ್ಡ ಕಂಪನಿಯ, ಆದರೆ ಎಲ್ಲಕ್ಕಿಂತ ಚಿಕ್ಕ ಪ್ರೊಸೆಸರನ್ನು ತೆಗೆದ. "ಇದಕ್ಕಿದೆ ಅಕ್ಕಾ. ಆದ್ರೆ ಬಹಳ ಸ್ಲೋ."

"ಅವರಿಗೇನು ಆಫೀಸಿಗೆ ಲೇಟಾಗುತ್ತಾ?"

ನಾನು ದುಡ್ಡು ಎಣಿಸಿ ಕೊಟ್ಟೆ.

ದೀಪಾವಳಿಗೆ ಅಕ್ಕನ ಮನೆಗೆ ಹೋದೆ. ಬಲಿಪಾಡ್ಯಮಿಯ ರಾತ್ರಿ ನಡುಮನೆಯಲ್ಲೇ ನನಗೆ ಹಾಸಿದ್ದರು. ಭಾವ ಹೊಸ ಪ್ರೊಸೆಸರಿನಲ್ಲಿ ವಿಮಾನ ಹಾರಿಸುತ್ತಿದ್ದರು. ಆ ವಿಮಾನ ಮೋಡದಿಂದ ಮೋಡಕ್ಕೆ ಎತ್ತಿನಗಾಡಿಯಂತೆ ಕುಲುಕಾಡಿಕೊಂಡು ಸಾಗುತ್ತಿತ್ತು. ಡಬ್ಬದ ತಗಡನ್ನು ನಾಲ್ಕು ಸ್ಕ್ರೂ ಹಾಕಿ ಮುಚ್ಚಿದ್ದರು. ಹೊರಗೆ ಪಟಾಕಿ. ಸುಟ್ಟ ವಾಸನೆ ಬಂದಾಗಲೆಲ್ಲ ನಾನು ಧಡಕ್ಕನೆ ಎದ್ದು ಕೂರುತ್ತಿದ್ದೆ.

"ಅದು ಬೀದಿದು," ಎಂದರು ಭಾವ, ತೆರೆಯಿಂದ ಕಣ್ಣು ತೆಗೆಯದೆ. "ನೀವು ಮಲಗಿ ಮೇಷ್ಟ್ರೇ. ನಾನಿದೀನಲ್ಲ."

ಆ ಬೆನ್ನನ್ನು ನೋಡುತ್ತ ಮಲಗಿದೆ. ಎಷ್ಟು ಹೊಗೆ ಬಂದರೂ ಹಿಡಿದದ್ದನ್ನು ಕೆಳಗಿಡದೆ ಏಳುವ ಬೆನ್ನಲ್ಲ ಅದು. ಈ ಊರಿನಲ್ಲಿ ಎಷ್ಟೋ ಮನೆಗಳು, ಮೇಲೆಲ್ಲೋ ಕ್ರೇನಿನ ಗೂಡಿನಲ್ಲಿ ಅಂಥವರೊಬ್ಬರು ಎಚ್ಚರವಿದ್ದಾರೆಂದು ಗೊತ್ತಿಲ್ಲದೆಯೇ ಸುಖವಾಗಿ ನಿದ್ದೆ ಮಾಡಿವೆ ಎನಿಸಿತು. ಆಮೇಲೆ ಏನೂ ಅನಿಸಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಅಕ್ಕ ಬಾಗಿಲಲ್ಲಿ ಕೂತು, ರಾತ್ರಿ ಯಾರೂ ಎಳೆಯದ ಜಡೆಯನ್ನು ಬಿಚ್ಚಿ ಬಾಚಿಕೊಳ್ಳುತ್ತಿದ್ದಳು. ಭಾವ ಆಗಷ್ಟೇ ಎದ್ದು ಕಣ್ಣುಜ್ಜುತ್ತ ಬಂದರು.

"ಭಾವ, ರಾತ್ರಿ ವಿಮಾನ ಇಳೀತಾ?" ಎಂದು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಇಳಿಸದೆ ಮಲಗೋಕಾಗುತ್ತೇನ್ರೀ?"