ಹಂಡೆ ತುಂಬ ಮಡಿನೀರು

ಚಂಪಾಬಾಯಿಯ ಮಡಿ ಅಂದರೆ ಪುಣೆಯ ಶನಿವಾರ ಪೇಠೆಯ, ಹತ್ತಾರು ಸಂಸಾರಗಳ ಆ ವಾಡೆಗೆಲ್ಲ ಸಿಂಹಸ್ವಪ್ನ. ನಸುಕಿಗೆ ಅಂಗಳದ ನಳದಲ್ಲಿ ನೀರು ಬಂತೋ, ತಣ್ಣೀರು ಸುರಕೊಂಡು ಒದ್ದೆ ಸೀರೆಯಲ್ಲೇ ತಾಮ್ರದ ಹಂಡೆ ತುಂಬಿಸುವಳು. ಹಂಡೆ ಇರುವುದು ಬಾಗಿಲ ಹೊರಗೆ. ಎರಡು ಖೋಲಿಯ ಮನೆಯಲ್ಲಿ ಜಾಗ ಎಲ್ಲಿ ಬರಬೇಕು? ದೇವರಿಗೂ ಅಡಿಗೆಗೂ ಅದೇ ನೀರು. ಯಾರ ಸೆರಗು ತಾಕಿದರೂ ಅಷ್ಟೂ ನೀರು ಮೋರಿಗೆ. ಗಂಡ ಬಿಂದುಮಾಧವರಾಯರು, ಪಾಪ, ಕಾರಕೂನಿಕೆಯಿಂದ ನಿವೃತ್ತರಾದವರು, ಅವರೂ ಹಂಡೆಗೆ ತಾಕದಂತೆ ಸುತ್ತು ಹಾಕಿಯೇ ಒಳಗೆ ಬರಬೇಕು. "ಮುಟ್ಟಬ್ಯಾಡ!" ಅನ್ನುವುದು ಆಕೆಯ ಬಾಯಿಂದ ತಾನಾಗಿಯೇ ಬರುತ್ತಿತ್ತು. ವಿಜಾಪುರದಿಂದ ಮದುವೆಯಾಗಿ ಬಂದಾಗಿನಿಂದ ಮೂವತ್ತೈದು ವರ್ಷದ ರೂಢಿ.

ಎದುರಿನ ಖೋಲಿಯಲ್ಲಿ ಉಡುಪಿ ಕಡೆಯ ವಿಧವೆ ಲೀಲಾಕ್ಷಿ, ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಮಗ ಸದಾನಂದ, ಸೊಸೆ ಪ್ರಫುಲ್ಲಾ. ಅತ್ತೆ ಸೊಸೆಯ ಜಗಳ ವಾಡೆಗೆಲ್ಲ ಗೊತ್ತು. ದೋಸೆ ಸೀದರೂ ಜಗಳ, ಸೀಯದಿದ್ದರೂ ಜಗಳ! ಚಂಪಾಬಾಯಿಗೆ ಮಾತ್ರ ಆ ಹುಡುಗಿ ಅಂದರೆ ಜೀವ. "ಅಜ್ಜೀ, ದೂರದಿಂದಲೇ ಬಂದೆ, ಮುಟ್ಟಲಿಲ್ಲ ನೋಡಿ" ಅಂತ ಎರಡೂ ಕೈ ಎತ್ತಿ ನಗುತ್ತಿದ್ದಳು ಪೋರಿ.

ಎಪ್ಪತ್ತೇಳರ ಬೇಸಿಗೆ, ಬೆಳಿಗ್ಗೆ ಹತ್ತರ ಸುಮಾರು. ನಳ ನಿಂತು ಎರಡು ತಾಸಾಗಿತ್ತು. ಎದುರಿನ ಖೋಲಿಯಲ್ಲಿ ಸ್ಟೋವ್ ಢಬ್ಬೆಂದು ಸಿಡಿದು ಪ್ರಫುಲ್ಲಾಳ ನೈಲಾನ್ ಸೀರೆಗೆ ಬೆಂಕಿ ಹತ್ತಿತು. ಬಕೆಟ್ಟಿನ ತಳದಲ್ಲಿದ್ದ ನೀರು ಎರಚಿ, ಲೀಲಾಕ್ಷಿ ಚೀರುತ್ತ ಹೊರಗೆ ಓಡಿಬಂದಳು. ಆರು ಹೆಜ್ಜೆ ದೂರದಲ್ಲಿ ಕಂಠಮಟ ತುಂಬಿದ ಹಂಡೆ. ಎರಡೂ ಕೈ ಚಾಚಿ ಬಾಗಿದಳು.

"ಮುಟ್ಟಬ್ಯಾಡ!"

ಅಯ್ಯೋ, ಹಾಗೆ ಕೂಗಿದವಳು ಚಂಪಾಬಾಯಿ. ಯೋಚಿಸಿ ಅಂದದ್ದಲ್ಲ. ಆಗಷ್ಟೇ ದೇವರ ಮುಂದಿನಿಂದ ಎದ್ದು ಬಂದವಳಿಗೆ ಬೆಂಕಿ ಇನ್ನೂ ಕಂಡೇ ಇರಲಿಲ್ಲ; ಕಂಡದ್ದು ಹಂಡೆಯ ಕಡೆ ಚಾಚಿದ ಕೈಗಳು ಮಾತ್ರ. ಲೀಲಾಕ್ಷಿಯಾದರೂ ಆ ಕೂಗು ಲೆಕ್ಕಿಸದೆ ನೀರು ಎತ್ತಬಾರದಿತ್ತೇ? ಅವಳ ಕೈಗೂ ಅದೇ ಹಾಳು ರೂಢಿ. ತಟ್ಟನೆ ಹಿಂದೆಗೆದು, ಅಂಗಳದ ತೊಟ್ಟಿಯ ಕಡೆ ಓಡಿದಳು. ತೊಟ್ಟಿ ಒಣಗಿತ್ತು. ಚಂಪಾಬಾಯಿಗೆ ಬೆಂಕಿ ಕಂಡು, ಹಂಡೆ ಎಳೆಯಹೋದರೆ ಆ ಭಾರ ಕದಲಲೇ ಇಲ್ಲ. ಅಷ್ಟರಲ್ಲಿ ಮೇಲಿನ ಮನೆಯವರು ಬಂದು ಕಂಬಳಿ ಹೊದಿಸಿದರು. ಹುಡುಗಿ ಮೂರನೇ ದಿನ ಆಸ್ಪತ್ರೆಯಲ್ಲಿ, ಪ್ರಜ್ಞೆ ಬಾರದೆಯೇ ತೀರಿಕೊಂಡಳು.

ತವರಿನವರು ಬಂದು, ಅತ್ತೆಯೇ ಸುಟ್ಟಳೆಂದು ದೂರು ಕೊಟ್ಟರು. "ನಾನು ಹಂಡೆಗೆ ಕೈ ಚಾಚಿದ್ದೆ, ಚಂಪಕ್ಕ ಬೇಡ ಅಂದರು, ಅವರನ್ನೇ ಕೇಳಿ" ಅಂತ ಲೀಲಾಕ್ಷಿ ಪೊಲೀಸರ ಮುಂದೆ ಹೇಳಿಯೇ ಹೇಳಿದಳು. ಆ ಕೂಗನ್ನು ಕೇಳಿದವರು ಬೇರೆ ಯಾರೂ ಇಲ್ಲ; ರಾಯರೂ ಆಗ ಮನೆಯಲ್ಲಿರಲಿಲ್ಲ. ಅವಳು ಮನೆಗೆ ಬರುವುದೋ ಜೈಲಿಗೆ ಹೋಗುವುದೋ ಚಂಪಾಬಾಯಿಯ ಒಂದು ಮಾತಿನ ಮೇಲೆ ನಿಂತಿತು.

ನಿಜ ಹೇಳಬೇಕೆಂದೇ ಆಕೆ ಕೋರ್ಟಿನ ಮೆಟ್ಟಿಲು ಹತ್ತಿದ್ದು. ಹಂಡೆಯಲ್ಲಿ ನೀರಿತ್ತೇ ಅಂತ ವಕೀಲರು ಮರಾಠಿಯಲ್ಲಿ ಕೇಳಿದರು. "ತುಂಬ ಇತ್ತು" ಅಂದಳು. ಲೀಲಾಕ್ಷಿ ಅದರ ಹತ್ತಿರ ಬಂದಳೇ? ಚಂಪಾಬಾಯಿ ತಲೆಯೆತ್ತಿ ನೋಡಿದಳು. ವಾಡೆಯ ಮಂದಿ, ಮಠಕ್ಕೆ ಬರುವ ಹೆಂಗಸರು, ಮುಂದೆ ಗಂಡ. ಮಡಿಗಾಗಿ ಜೀವ ತೆಗೆದ ಮುದುಕಿ ಅಂದಾರು! ಎಂಥ ಹೇಡಿತನ ನೋಡಿ.

"ಯಾರೂ ಬರಲಿಲ್ಲ" ಅಂದುಬಿಟ್ಟಳು. ಕಟಕಟೆಯಲ್ಲಿದ್ದ ಲೀಲಾಕ್ಷಿ ಆಕೆಯನ್ನೇ ನೋಡುತ್ತ ನಿಂತಳು.

ತೀರ್ಪಿನ ಪ್ರತಿಯನ್ನು ರಾಯರು ಮನೆಗೆ ತಂದು, ಚಾಳೀಸು ಏರಿಸಿ ಓದಿದರು. "ಕಾಲ್ಡ್ರನ್‌ಫುಲ್! ಭಾಳ ಅಪರೂಪದ ಶಬ್ದ. ಹಂಡೀನೂ ಬಂತು, ತುಂಬಿದ್ದೂ ಬಂತು, ಒಂದ ಶಬ್ದದಾಗ. ಇಷ್ಟು ವರ್ಷ ಇಂಗ್ಲಿಷ್ ಫೈಲು ನೋಡೇನಿ, ಒಮ್ಮೆನೂ ಕಂಡಿದ್ದಿಲ್ಲ."

"ಅದರ ಮುಂದ ಏನು ಬರದಾರ?"

"ಅಷ್ಟು ನೀರು ಆರು ಹೆಜ್ಜಿ ದೂರದಾಗ ಇದ್ದೂ ಮುಟ್ಟಲಿಲ್ಲ ಅಂದರ, ಲೀಲಾಕ್ಷಿಗೆ ಉಳಸೋ ಮನಸ್ಸ ಇದ್ದಿಲ್ಲ ಅಂತ. ಏಳು ವರ್ಷ ಶಿಕ್ಷಾ."

ಆ ರಾತ್ರಿ ಆಕೆ ಉಣ್ಣಲಿಲ್ಲ. ಮರುದಿನ ಮಾತ್ರ ಹಂಡೆ ತುಂಬಿಸಿದಳು. ಅದರ ಮರುದಿನವೂ ತುಂಬಿಸಿದಳು. ರಾಯರು ತೀರಿಕೊಂಡ ಮೇಲೂ ಬಿಡಲಿಲ್ಲ. ಆದರೆ ಯಾರು ತಾಕಿದರೂ ಈಗ ಕೂಗುತ್ತಿರಲಿಲ್ಲ. ಅಜ್ಜಿ ಮೆತ್ತಗಾದಳು ಅಂತ ವಾಡೆಯವರು ನಕ್ಕರು. ಅವರಿಗೇನು ಗೊತ್ತು! ನೀರು ಹಂಡೆಯ ಕಂಠಕ್ಕೆ ಬಂದಾಗಲೆಲ್ಲ ಗಂಡ ಓದಿದ ಆ ಇಂಗ್ಲಿಷ್ ಶಬ್ದ ಕಿವಿಯಲ್ಲಿ ಕೇಳುತ್ತಿತ್ತು.

ಎಂಬತ್ತೈದರಲ್ಲಿ ಒಂದು ಬೆಳಿಗ್ಗೆ ಲೀಲಾಕ್ಷಿ ಬಂದಳು. ತಲೆ ಪೂರ್ತಿ ನೆರೆತಿತ್ತು. ಮಗ ಖೋಲಿ ಬಿಟ್ಟು ಹೋಗಿ ಕಾಲವಾಗಿತ್ತು. ಅವಳು ಆ ಕಡೆ ತಿರುಗಿಯೂ ನೋಡದೆ, ನೇರ ಹಂಡೆಯ ಹತ್ತಿರ ಬಂದು, ನೀರಿನ ಮೇಲೆ ಎರಡೂ ಕೈ ಚಾಚಿ ನಿಂತಳು.

"ಈಗ ಮುಟ್ಟಬಹುದಾ, ಚಂಪಕ್ಕ?"

ಚಂಪಾಬಾಯಿ ಹೊಸ್ತಿಲಿಗೆ ಓಡಿ ಬಂದಳು. "ಮುಟ್ಟವಾ, ಮುಟ್ಟು. ಎಲ್ಲಾ ಸುರುವು. ಅವತ್ತ ಬಾಯಿಗೆ ಬಂದುಬಿಡ್ತು, ನನ್ನ ತಾಯಿ, ರೂಢಿ..."

"ಅವತ್ತಿನದು ರೂಢಿ ಅಂತ ನನಗೂ ಗೊತ್ತು. ನನ್ನ ಕೈಯೂ ಹಿಂದೆ ಬಂತಲ್ಲ. ಅದಕ್ಕೆ ಏಳು ವರ್ಷ ನನ್ನನ್ನೇ ಬೈಕೊಂಡೆ." ಲೀಲಾಕ್ಷಿ ಕೈ ಹಿಂದೆ ತೆಗೆದಳು. "ಕೋರ್ಟಿನಲ್ಲಿ ಹೇಳಿದ್ದು ಯಾವ ರೂಢಿ?"

ಲೀಲಾಕ್ಷಿ ನೀರು ಮುಟ್ಟದೆಯೇ ಅಂಗಳ ದಾಟಿ ಹೋದಳು.